ಹೊಸ್ತಿಲಾಚೆಯ ಕೋಟು

ಮಧ್ಯಾಹ್ನ ಮೂರು ಗಂಟೆಗೆ ಡ್ಯೂಟಿ ಮುಗಿಸಿ, ಮಳೆಯಲ್ಲಿ ತೊಯ್ದು ಮೆಟ್ಟಿಲು ಹತ್ತಿ ಬಂದರೆ, ಬಾಗಿಲ ಹೊರಗೆ ಚಪ್ಪಲಿ ಸ್ಟ್ಯಾಂಡಿನ ಮೇಲಿನ ಮೊಳೆ ಬರಿದಾಗಿತ್ತು. ಬೆಳಗ್ಗೆ ಅಲ್ಲಿ ನನ್ನ ಉದ್ದನೆಯ ಚರ್ಮದ ಕೋಟು ನೇತಾಡುತ್ತಿತ್ತು. ಈಗ ಬಾಗಿಲಿಗೆ ಒಂದು ಚೀಟಿ ಅಂಟಿಸಿತ್ತು. "ಕೋಟು ನಿಮಗೆ ಬೇಡವಾಗಿದ್ದರೆ ನನಗೆ ಹೇಳಬಹುದಿತ್ತು. ಬೇರೆ ಯಾರೋ ಒಯ್ಯುವ ಮುಂಚೆ ನಾನೇ ತೆಗೆದುಕೊಂಡಿದ್ದೇನೆ. ಹೆಲ್ಗಾ." ಕೋಟು ಹೋದದ್ದಕ್ಕಿಂತ ಆ "ನಿಮಗೆ" ಎನ್ನುವ ಪದವೇ ನನ್ನನ್ನು ಹೆಚ್ಚು ಚುಚ್ಚಿತು.

ಜರ್ಮನ್ ಭಾಷೆಯಲ್ಲಿಯೂ ನಮ್ಮ ಹಾಗೆ ನೀನು, ನೀವು ಉಂಟು. ನೀನು ಎನ್ನಲು "ಡೂ", ನೀವು ಎನ್ನಲು "ಜೀ". ನಮ್ಮಲ್ಲಿ ದೊಡ್ಡವರು ಚಿಕ್ಕವರನ್ನು ಕೇಳದೆಯೇ ನೀನು ಅಂದುಬಿಡುತ್ತಾರೆ, ಬಸ್ಸಿನಲ್ಲಿ ಪಕ್ಕದ ಸೀಟಿಗೆ ಬಂದ ಅಜ್ಜಿಯೂ "ಯಾವೂರೇ ನಿಂದು" ಎಂದೇ ಶುರು ಮಾಡುತ್ತಾಳೆ. ಇಲ್ಲಿ ಎಪ್ಪತ್ತೆಂಟರ ಮುದುಕಿಯೂ ಇಪ್ಪತ್ತೇಳರ ನನ್ನನ್ನು "ಜೀ" ಎನ್ನಬೇಕು, ತಾನಾಗಿ "ಇನ್ನು ಮುಂದೆ ನಾವು ಡೂ" ಎಂದು ಹೇಳುವ ತನಕ. ಕೆಳಗಿನ ಮನೆಯ ಹೆಲ್ಗಾ ಅದನ್ನು ನನಗೆ ಹೇಳಿದ್ದು ನಾನು ಬಂದ ಐದನೆಯ ತಿಂಗಳಲ್ಲಿ, ಪ್ಲಮ್ ಹಣ್ಣಿನ ಕೇಕು ಕೊಟ್ಟು, ಕೈ ಕುಲುಕಿ. ನಾನಂತೂ ಅವತ್ತೇ ಮನಸ್ಸಿನಲ್ಲಿ ಅವರನ್ನು ಹೆಲ್ಗಮ್ಮ ಮಾಡಿಕೊಂಡಿದ್ದೆ, ಅಷ್ಟು ವಯಸ್ಸಾದವರನ್ನು ಬರೀ ಹೆಸರು ಹಿಡಿದು ಕೂಗಲು ನಾಲಿಗೆ ಬರುವುದಿಲ್ಲ. ಅಂಥವರು ಈಗ ಚೀಟಿಯಲ್ಲಿ "ಜೀ" ಎಂದು ಬರೆದಿದ್ದರು.

ನಾನು ಮುಳಬಾಗಿಲು ತಾಲ್ಲೂಕಿನ ಬೈರಕೂರಿನ ಕಡೆಯವಳು. ಹೆಸರು ಮುನಿಲಕ್ಷ್ಮಿ. ಕೋಲಾರದಲ್ಲಿ ನರ್ಸಿಂಗ್ ಓದಿ, ಬೆಂಗಳೂರಿನಲ್ಲಿ ಎಂಟು ತಿಂಗಳು ಜರ್ಮನ್ ಕಲಿತು, ಜರ್ಮನಿಯ ಕಾಸೆಲ್ ಎಂಬ ಊರಿಗೆ ಬಂದೆ. ಇಲ್ಲಿ ವಯಸ್ಸಾದವರ ಆರೈಕೆ ಮಾಡುವ ಒಂದು ಮನೆಯಲ್ಲಿ ನನಗೆ ಕೆಲಸ. ನಮ್ಮ ಜಿಲ್ಲೆಯಲ್ಲಿ ಕಲ್ಲೆಸೆದರೆ ಒಬ್ಬ ಮುನಿಯಪ್ಪನಿಗೋ ಒಬ್ಬ ಮುನಿಯಮ್ಮನಿಗೋ ಬೀಳುತ್ತದೆ. ಇಲ್ಲಿ ಆ ಹೆಸರನ್ನು ಪೂರ್ತಿ ಹೇಳಬಲ್ಲವರಿಲ್ಲ, ಎಲ್ಲರಿಗೂ ನಾನು ಬರೀ "ಮುನಿ". ಮೂಗಿನ ತುದಿಯಲ್ಲೇ ಮುನಿಸು ಇಟ್ಟುಕೊಂಡವಳಿಗೆ ಸರಿಯಾದ ಹೆಸರೇ ಆಯಿತು ಎಂದು ಸುಮ್ಮನಾದೆ.

ಮೊದಲ ತಿಂಗಳುಗಳ ಒಂಟಿತನವನ್ನು ಬಣ್ಣಿಸಿ ಊರಿನವರ ಹೊಟ್ಟೆ ಉರಿಸುವುದಿಲ್ಲ. ಒಂದೇ ಮಾತು: ನಮ್ಮೂರಿನಲ್ಲಿ ಹಗಲು ಹೊತ್ತು ಬಾಗಿಲು ಹಾಕಿಕೊಂಡರೆ "ಯಾಕಮ್ಮಾ, ಮೈಗೆ ಹುಷಾರಿಲ್ವಾ" ಎಂದು ಮೂರು ಜನ ಬಂದು ಕೇಳುತ್ತಾರೆ. ಇಲ್ಲಿ ನನ್ನ ಬಾಗಿಲನ್ನು ಯಾರಾದರೂ ತಟ್ಟಲಿ ಎಂದು ನಾನು ಕಾದು ಕೂತದ್ದುಂಟು. ಸೂಟ್‌ಕೇಸಿನಲ್ಲಿ ತಂದ ರಾಗಿಹಿಟ್ಟು ಎರಡೇ ತಿಂಗಳಿಗೆ ಮುಗಿಯಿತು. ಅಂಗಡಿಯಲ್ಲಿ ಸಿಕ್ಕ ಯಾವುದೋ ಕಪ್ಪು ಹಿಟ್ಟಿನಲ್ಲಿ ಮುದ್ದೆ ಕಟ್ಟಲು ಹೋಗಿ, ಅದು ಅಂಟಾಗಿ ಕೋಲಿಗೆ ಕಚ್ಚಿಕೊಂಡು, ಅಡುಗೆಮನೆಯಲ್ಲಿ ಒಬ್ಬಳೇ ನಕ್ಕು ಒಬ್ಬಳೇ ಅತ್ತೆ. ಸುಟ್ಟ ವಾಸನೆಗೆ ಮೊದಲ ಸಲ ಬಾಗಿಲು ತಟ್ಟಿದವರು ಹೆಲ್ಗಮ್ಮ.

ಮುಳಬಾಗಿಲಿನಲ್ಲಿ ಕೊಂಡ ನನ್ನ ಸ್ವೆಟರು ನಮ್ಮ ಡಿಸೆಂಬರಿಗೆ ಸಾಕಾಗುವಂಥದ್ದು, ಇಲ್ಲಿನ ಅಕ್ಟೋಬರಿಗೇ ಸೋತಿತು. ಬಸ್‌ಸ್ಟಾಪಿನಲ್ಲಿ ಹಲ್ಲು ಕಡಿಯುತ್ತ ನಿಂತಿದ್ದವಳನ್ನು ಕಿಟಕಿಯಿಂದ ನೋಡಿದ ಹೆಲ್ಗಮ್ಮ ಸಂಜೆ ಒಳಗೆ ಕರೆದು, ಬೀರುವಿನಿಂದ ಆ ಕೋಟು ತೆಗೆದರು. ಕಡು ಕಂದು ಬಣ್ಣ, ಅಗಲ ಕಾಲರು, ನಡುವಿಗೆ ಬೆಲ್ಟು. ಮೂವತ್ತು ವರ್ಷ ಇದೇ ಊರಿನಲ್ಲಿ ಟ್ರಾಮ್ ಓಡಿಸಿದವರು ಅವರು, ಚಳಿಗಾಲದ ಬೆಳಗುಗಳಲ್ಲೆಲ್ಲ ಡ್ಯೂಟಿಗೆ ಹೋಗಿದ್ದು ಇದನ್ನೇ ತೊಟ್ಟು. "ಈಗ ನನ್ನ ಭುಜಕ್ಕೆ ಇದು ಭಾರ. ನಿನ್ನ ಭುಜ ಇನ್ನೂ ಗಟ್ಟಿ ಇದೆ," ಎಂದರು.

ಅವರಿಗೆ ಮೊಣಕಾಲ ಕೆಳಗಿಳಿಯುತ್ತಿದ್ದ ಕೋಟು ನನಗೆ ಕಾಲ ಹರಡಿನ ತನಕ ಬಂತು. ಚಳಿಯಲ್ಲವೇ ಎಂದು ಒಳಗೆ ಎರಡು ಸ್ವೆಟರು ಹಾಕಿ, ಗುಂಡಿಯೆಲ್ಲ ಬಿಗಿದು, ಬೆಲ್ಟನ್ನು ಕೊನೆಯ ತೂತಿಗೆ ಎಳೆದು ಕನ್ನಡಿ ನೋಡಿದರೆ, ಗೋಣಿಚೀಲದಲ್ಲಿ ಕಟ್ಟಿದ ಹಲಸಿನ ಹಣ್ಣಿನ ಹಾಗೆ ಕಂಡೆ. ಹೆಲ್ಗಮ್ಮ ನಕ್ಕು ನಕ್ಕು ಕುರ್ಚಿ ಹಿಡಿದುಕೊಂಡರು. ಆಮೇಲೆ ಪಾಠ ಶುರುವಾಯಿತು. ದಪ್ಪ ಕೋಟಿನ ಒಳಗೆ ತೆಳ್ಳಗಿನದೇ ಇರಬೇಕು, ಒಂದು ಮೆತ್ತನೆಯ ಸ್ವೆಟರು, ನೇರ ಪ್ಯಾಂಟು, ಸಾಕು. ಗುಂಡಿ ಎಲ್ಲ ಹಾಕಬಾರದು. ಬೆಲ್ಟಿಗೆ ಬಕಲು ಹಾಕದೆ ಪಕ್ಕಕ್ಕೊಂದು ಸಡಿಲ ಗಂಟು. ತೋಳು ಉದ್ದವಾದರೆ ಒಂದೇ ಮಡಿಕೆ, ಒಳಗಿನ ಬಟ್ಟೆ ಸ್ವಲ್ಪ ಕಾಣಲಿ. ಗಾಳಿ ಬಂದರೆ ಕಾಲರು ಮೇಲೆ, ಮಳೆ ಬಂದರೆ ಕೋಟು ಮನೆಯಲ್ಲಿ. ನೆನೆದರೆ ಹೀಟರಿನ ಮುಂದೆ ಒಣಗಿಸಕೂಡದು, ಬಿರಿಯುತ್ತದೆ.

ಚೂಡಿದಾರದ ಮೇಲೆ ಹಾಕಿದರೆ ಟಾಪಿನ ಅಂಚು ಇಣುಕುತ್ತಿತ್ತು. ಮುಚ್ಚಿಕೊಳ್ಳಲು ಹೋದೆ. "ಎರಡು ಬೆರಳಿನಷ್ಟು ಇಣುಕಲಿ ಬಿಡು, ಇಲ್ಲದಿದ್ದರೆ ಒಳಗೆ ನೀನಿದ್ದೀಯ ಎಂದು ಗೊತ್ತಾಗುವುದು ಹೇಗೆ?" ಎಂದರು. ಕೊನೆಯದೊಂದು ನನ್ನ ಸ್ವಂತ ಬುದ್ಧಿ. ಶ್ರೀನಿವಾಸಪುರದ ಮಾವಿನ ಬಣ್ಣದ ಹತ್ತಿ ವೇಲನ್ನು ಕುತ್ತಿಗೆಗೆ ಎರಡು ಸುತ್ತು ಸುತ್ತಿ, ತುದಿಗಳನ್ನು ಕಾಲರಿನೊಳಗೆ ಇಳಿಬಿಟ್ಟೆ. ಹೆಲ್ಗಮ್ಮ ದೂರ ಸರಿದು ನೋಡಿ ತಲೆಯಾಡಿಸಿದರು.

ಒಳ್ಳೆಯ ಬಟ್ಟೆ ಸಿಕ್ಕರೆ ನಾವು ಏನು ಮಾಡುತ್ತೇವೆ? ಬೀರುವಿನಲ್ಲಿಟ್ಟು, ನುಸಿಗುಳಿಗೆ ಹಾಕಿ, ಯಾರದಾದರೂ ಮದುವೆ ಬರಲಿ ಎಂದು ಕಾಯುತ್ತೇವೆ. ನಾನೂ ಹಾಗೇ ಅಂದುಕೊಂಡಿದ್ದೆ. ಹೆಲ್ಗಮ್ಮನಿಗೆ ಕೋಪ ಬಂತು. "ಆಲೂಗಡ್ಡೆ ತರುವುದಕ್ಕೂ ಇದನ್ನೇ ಹಾಕು. ದಿನಾ ಹಾಕಿದರೆ ಚರ್ಮ ಮೆತ್ತಗಿರುತ್ತದೆ." ಸರಿ, ಆಲೂಗಡ್ಡೆಗೂ ಹಾಕಿದೆ, ಬ್ರೆಡ್ಡಿಗೂ ಹಾಕಿದೆ, ಡ್ಯೂಟಿಗೂ ಹಾಕಿದೆ. ಬೇಕರಿಯ ಹೆಂಗಸು, ನಾನು ಬಂದಾಗಿನಿಂದ ನನ್ನ ತಲೆಯ ಮೇಲಿನಿಂದಲೇ ಹಿಂದಿನವರನ್ನು ನೋಡುತ್ತಿದ್ದವಳು, ಒಂದು ದಿನ "ಕೋಟು ಚೆನ್ನಾಗಿದೆ" ಎಂದಳು. ಆ ಖುಷಿಗೆ ಬೇಡದಿದ್ದರೂ ಇನ್ನೊಂದು ಬ್ರೆಡ್ಡು ಕೊಂಡೆ.

ಅಮ್ಮ ಅದನ್ನು ನೋಡಿದ್ದು ವಿಡಿಯೋ ಕಾಲಿನಲ್ಲಿ. ನಮ್ಮಮ್ಮ ನಾರಾಯಣಮ್ಮ ಎರಡು ಹಸು ಕಟ್ಟಿಕೊಂಡು ಬೆಳಗ್ಗೆ ಸಂಜೆ ಡೇರಿಗೆ ಹಾಲು ಹಾಕುವವಳು.

"ಏನೇ ಅದು, ಪೊಲೀಸ್ನೋರ ಥರ?" ಎಂದಳು.

"ಲೇಡರ್ ಕೋಟು ಅಮ್ಮ," ಎಂದೆ. ಚರ್ಮಕ್ಕೆ ಇಲ್ಲಿನ ಮಾತು ಲೇಡರ್.

"ಲೀಡರ್ ಕೋಟಾ? ಯಾವ ಪಾರ್ಟೀದೇ?"

ನಗು ತಡೆದುಕೊಂಡು, ಚರ್ಮಕ್ಕೆ ನಮ್ಮ ಮನೆಯ ಅರ್ಧ ತೆಲುಗಿನಲ್ಲಿ ಹೇಳುವ ಹಾಗೆ "ತೋಲುದಮ್ಮ" ಎಂದೆ. ಅಮ್ಮನ ಮುಖ ಚಿಕ್ಕದಾಯಿತು. "ಯಾತರ ತೋಲು?"

ಒಳಜೇಬಿನ ಪಟ್ಟಿಯಲ್ಲಿ ಹಸುವಿನದು ಎಂದು ಸ್ಪಷ್ಟವಾಗಿ ಬರೆದಿತ್ತು. ಅಮ್ಮನ ಹಿಂದೆ ಕೊಟ್ಟಿಗೆಯಲ್ಲಿ ನಮ್ಮ ಕೆಂದಹಸು ಕಿವಿ ಆಡಿಸುತ್ತ ನಿಂತಿತ್ತು. "ಕುರೀದು" ಎಂದುಬಿಟ್ಟೆ.

"ಕುರೀದಾದ್ರೂ ತೋಲು ತೋಲೇ. ಒಳಗಿಕ್ಕೋಬೇಡ, ದೇವರ ಪಟ ಐತೆ."

ನನಗೂ ಅದು ಅಸಹಜ ಅನ್ನಿಸಲಿಲ್ಲ. ನಮ್ಮ ಮನೆಯಲ್ಲಿ ಅಪ್ಪನ ಚಪ್ಪಲಿ ಹೊಸ್ತಿಲು ದಾಟಿದ್ದಿಲ್ಲ, ಅವರ ಬೆಲ್ಟು ಇವತ್ತಿಗೂ ಜಗಲಿಯ ಮೊಳೆಗೆ. ಬಾಗಿಲ ಹೊರಗೊಂದು ಮೊಳೆ ಹೊಡೆದು ಕೋಟನ್ನು ನೇತುಹಾಕಿದೆ. ಆದರೆ ಈ ಊರಿನ ಪದ್ಧತಿ ಬೇರೆ. ಇಲ್ಲಿ ಮೆಟ್ಟಿಲ ಬಳಿ ಇಟ್ಟ ವಸ್ತು ಮನೆಯವರಿಗೆ ಬೇಡವಾದದ್ದು, ಬೇಕಾದವರು ಒಯ್ಯಬಹುದು. ಕುರ್ಚಿ, ಪುಸ್ತಕ, ದೀಪ, ಎಲ್ಲ ಹಾಗೆ ಹೋಗುತ್ತವೆ. ನಮ್ಮಲ್ಲಿ ಹಾಗೆ ಹೋಗುವುದು ದೇವಸ್ಥಾನದ ಮುಂದೆ ಬಿಟ್ಟ ಹೊಸ ಚಪ್ಪಲಿ ಮಾತ್ರ. ಅವತ್ತು ನನ್ನ ಕಾಗದವೊಂದು ತಮ್ಮ ಡಬ್ಬಿಗೆ ಬಂದಿದೆಯೆಂದು ಕೊಡಲು ಮೇಲೆ ಹತ್ತಿದ ಹೆಲ್ಗಮ್ಮ, ತಮ್ಮ ಮೂವತ್ತು ವರ್ಷದ ಕೋಟು ನನ್ನ ಕೊಳೆ ಶೂಗಳ ಮೇಲೆ ತೂಗಾಡುವುದನ್ನು ಕಂಡರು.

ಚೀಟಿ ಹಿಡಿದು ಕೆಳಗಿಳಿದೆ. ಅವರು ಬಾಗಿಲನ್ನು ಅರ್ಧ ಮಾತ್ರ ತೆರೆದರು. ಮಡಿ, ಮೈಲಿಗೆ ಎಂಬುದಕ್ಕೆ ನನ್ನ ಎಂಟು ತಿಂಗಳ ಜರ್ಮನ್‌ನಲ್ಲಿ ಪದವಿರಲಿಲ್ಲ. ಗಾಬರಿಯಲ್ಲಿ ಬಾಯಿಗೆ ಬಂದದ್ದು ನಾವು ಕೆಲಸದಲ್ಲಿ ಹಾಸಿಗೆ ಬದಲಿಸುವಾಗ ಬಳಸುವ ಪದ: "ಅದು ಗಲೀಜು, ಅದಕ್ಕೇ ಹೊರಗಿಟ್ಟೆ."

"ಮೂವತ್ತು ವರ್ಷ ಭಾನುವಾರ ಭಾನುವಾರ ನಾನು ಅದನ್ನು ಒರೆಸಿದ್ದೇನೆ," ಎಂದರು ಹೆಲ್ಗಮ್ಮ. ದನಿ ಏರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನನಗೆ ಅಳು ಬಂತು. ಅಳುವ ಹುಡುಗಿಯನ್ನು ಬಾಗಿಲಲ್ಲಿ ನಿಲ್ಲಿಸಲು ಅವರಿಗೂ ಆಗಲಿಲ್ಲ. ಒಳಗೆ ಕೂರಿಸಿ ನೀರು ಕೊಟ್ಟರು. ತಪ್ಪು ತಪ್ಪು ವ್ಯಾಕರಣದಲ್ಲಿ ಹೊಸ್ತಿಲಿನ ವಿಷಯ, ದೇವರ ಪಟದ ವಿಷಯ, ಅಪ್ಪನ ಬೆಲ್ಟಿನ ವಿಷಯ ಹೇಳಿದೆ. ಕೊಳೆಗೂ ಇದಕ್ಕೂ ಸಂಬಂಧವಿಲ್ಲ ಎಂದೆ. ಅವರು ನನ್ನ ಮಣಿಕಟ್ಟನ್ನು ತೋರಿಸಿ, "ಈ ಗಡಿಯಾರದ ಪಟ್ಟಿ?" ಎಂದು ಕೇಳಿದರು. ಚರ್ಮದ್ದು. ಅಪ್ಪ ಕೋಲಾರದಲ್ಲಿ ಕೊಡಿಸಿದ್ದು. ಅದನ್ನು ಕಟ್ಟಿಕೊಂಡೇ ದಿನಾ ದೇವರಿಗೆ ಊದುಬತ್ತಿ ಹಚ್ಚುತ್ತಿದ್ದೆ.

"ಅಲ್ಲಿ ಶೂ ಹೊಲಿಯುವವರು ನಿಮ್ಮ ಮನೆಯೊಳಗೆ ಬರುತ್ತಾರಾ?" ಎಂದು ಆಮೇಲೆ ಕೇಳಿದರು. ಕುತೂಹಲಕ್ಕೆ ಕೇಳಿದ್ದು, ಚುಚ್ಚಲು ಅಲ್ಲ. ನಾನು ಚಿಕ್ಕವಳಿದ್ದಾಗ ಚಪ್ಪಲಿ ಹೊಲಿದುಕೊಡುತ್ತಿದ್ದ ತಾತ ಜಗಲಿಯ ಕೆಳಗೇ ನಿಂತು ನನ್ನ ಪಾದದ ಅಳತೆ ತೆಗೆದುಕೊಳ್ಳುತ್ತಿದ್ದರು. ನಮ್ಮಜ್ಜಿ ಅವರ ಬೊಗಸೆಗೆ ಮೇಲಿಂದ ನೀರು ಹುಯ್ಯುತ್ತಿದ್ದಳು. "ಇಲ್ಲ" ಎಂದೆ. ನಾಚಿಕೆಯಾಯಿತು. ಅಷ್ಟು ವರ್ಷ ಊರಿನಲ್ಲಿದ್ದಾಗ ಆಗದಿದ್ದ ನಾಚಿಕೆ ಅದು.

ಹೆಲ್ಗಮ್ಮ ಮತ್ತೆ "ಡೂ"ಗೆ ಇಳಿದರು. "ನಿನ್ನ ದೇವರ ಜೊತೆ ಜಗಳ ಆಡಲು ನಾನು ಯಾರು? ಆದರೆ ಕೋಟು ಹೊರಗೆ ನೇತಾಡುವುದನ್ನು ನೋಡಲಾರೆ. ಒಳಗಿಡುತ್ತೀ ಅಂದರೆ ಬಂದು ತಗೋ. ಆಗದಿದ್ದರೆ ಇಲ್ಲೇ ಇರಲಿ, ಬೇಸರ ಇಲ್ಲ."

ಬೇಸರ ಇರುತ್ತಿತ್ತು, ಅವರಿಗೂ ನನಗೂ. ಈ ಊರಿನಲ್ಲಿ ನನ್ನನ್ನು ನೀನು ಎನ್ನುವವರು ಅವರೊಬ್ಬರೇ. ಹಾಗೆಂದು ಅಮ್ಮನಿಗೆ ಸುಳ್ಳು ಹೇಳಿಕೊಂಡು ಹಸುವಿನ ಚರ್ಮವನ್ನು ದೇವರ ಪಟದ ಪಕ್ಕ ತೂಗಿಸಲು ನನ್ನಿಂದ ಆಗದು. ಮೇಲೆ ಬಂದು ಫೋನು ಹಚ್ಚಿದೆ. ಅಲ್ಲಿ ಊಟದ ಹೊತ್ತು.

"ಅಮ್ಮಾ, ಆ ಕೋಟು ಕುರೀದಲ್ಲ. ಹಸೂದು."

ಅಮ್ಮ ಕೈ ತೊಳೆದು ಬಂದು ಕೂತಳು. "ಅವತ್ತೇ ಗೊತ್ತಾಯ್ತು ಕಣೇ. ಅಷ್ಟುದ್ದದ ಕುರಿ ಎಲ್ಲೈತೆ?"

ನಡೆದದ್ದೆಲ್ಲ ಹೇಳಿದೆ. ಮೊಳೆ, ಚೀಟಿ, ನಾನು ಗಲೀಜು ಅಂದದ್ದು, ಗಡಿಯಾರದ ಪಟ್ಟಿ, ಚಪ್ಪಲಿ ತಾತ. ತಾತನ ಮಾತು ಬಂದಾಗ ಅಮ್ಮ ಕಣ್ಣು ತಗ್ಗಿಸಿದಳು.

"ಆ ಮುದುಕಮ್ಮ ಊಟ ಮಾಡಿದ್ಲಾ?" ಎಂದು ಕೇಳಿದಳು.

"ಗೊತ್ತಿಲ್ಲ."

"ಚಳಿ ತಡಿಯುತ್ತಾ ಆ ಕೋಟು?"

"ತಡಿಯುತ್ತಮ್ಮ. ಚೆನ್ನಾಗಿ ತಡಿಯುತ್ತೆ."

ಅಮ್ಮ ಕೊಟ್ಟಿಗೆಯ ಕಡೆ ತಿರುಗಿ ನೋಡಿದಳು. "ನಾವು ಈ ಮನೆ ಕಟ್ಟಿದಾಗ ಗೃಹಪ್ರವೇಶದ ದಿನ ಎಲ್ಲರಿಗಿಂತ ಮುಂಚೆ ಒಳಗೆ ಹೋಗಿದ್ದು ಯಾರೇ?"

"ಹಸು."

"ನಿನಗೆ ಅಲ್ಲಿ ಯಾರು ಗೃಹಪ್ರವೇಶ ಮಾಡಿದ್ರು? ನಾನು ಬರಲಿಲ್ಲ, ನಿಮ್ಮಪ್ಪ ಬರಲಿಲ್ಲ. ಹಾಲೂ ಉಕ್ಕಿಸಿರಲ್ಲ ನೀನು. ಪೋನೀಲೆ," ಎಂದಳು. ಪೋನೀಲೆ ಅಂದರೆ ಹೋಗಲಿ ಬಿಡು ಎಂದು, ನಮ್ಮ ಗಡಿನಾಡಿನ ಅಮ್ಮಂದಿರು ದೊಡ್ಡ ಗಂಟುಗಳನ್ನು ಬಿಚ್ಚುವ ಮಾತು. "ಅದನ್ನ ಒಳಗೆ ಕರ್ಕೋ."

ಇಟ್ಕೋ ಎನ್ನಲಿಲ್ಲ. ಕರ್ಕೋ ಎಂದಳು, ಜೀವ ಇರುವುದನ್ನು ಕರೆಯುವ ಹಾಗೆ.

ಹೆಲ್ಗಮ್ಮನ ಮನೆಯಿಂದ ಕೋಟನ್ನು ಎರಡೂ ತೋಳಿನ ಮೇಲೆ ಹೊತ್ತು ತಂದೆ. ಅವರೂ ಮಂಡಿ ಹಿಡಿದುಕೊಂಡು ನನ್ನ ಹಿಂದೆ ಮೇಲೆ ಹತ್ತಿದರು. ಬಲಗಾಲಿಟ್ಟು ಒಳಗೆ ಹೋದೆ. ಒಲೆಯ ಮೇಲೆ ಹಾಲಿಟ್ಟು ಉಕ್ಕಿಸಿದೆ. ಹಾಲು ಚೆಲ್ಲುತ್ತಿದೆಯೆಂದು ಒಲೆ ಆರಿಸಲು ಓಡಿದ ಹೆಲ್ಗಮ್ಮನನ್ನು ಕೈ ಹಿಡಿದು ನಿಲ್ಲಿಸಿದೆ. ಆಮೇಲೆ ಇಬ್ಬರೂ ಸಕ್ಕರೆ ಹಾಕಿ ಕುಡಿದೆವು. ಆ ಮನೆಗೆ ನಾನು ಬಂದು ಆಗಲೇ ಒಂದು ವರ್ಷ ದಾಟಿತ್ತು.

ಈ ಜನವರಿಯಲ್ಲಿ ರಜೆಗೆ ಊರಿಗೆ ಬರುತ್ತಿದ್ದೇನೆ. ಮೊನ್ನೆ ಅಮ್ಮನನ್ನು ಕೇಳಿದೆ, "ಕೋಟು ತರಲಾ? ಬೆಳಗಿನ ಚಳಿಗೆ ನೀನೂ ಒಂದ್ಸಲ ಹಾಕ್ಕೊಂಡು ಡೇರಿಗೆ ಹೋಗಿ ಬರುವಂತೆ." ಅಮ್ಮ ನಕ್ಕಳು.

"ತರಬೇಡ ಕಣೇ. ಇಲ್ಲಿ ನಾವೆಲ್ಲ ಇದೀವಿ. ಅಲ್ಲಿ ಅದಾದ್ರೂ ಇರ್ಲಿ. ನೀನು ವಾಪಸ್ ಹೋಗಿ ಬಾಗಿಲು ತೆಗೆದ್ರೆ, ಒಳಗೆ ಯಾರಾದ್ರೂ ಇರ್ಬೇಕಲ್ಲ."

ಇಷ್ಟು ದಿನ ಅಮ್ಮನ ಬಾಯಲ್ಲಿ ವಾಪಸ್ ಎಂದರೆ ಬೈರಕೂರೇ ಆಗಿತ್ತು.