ಮೊದಲ ಬಾಣ ಬಲಕ್ಕೆ

ಇದರಲ್ಲಿ ಕೆಲವು ಸಂಗತಿಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಕಾಕಾರ ಅಂಗಡಿಯ ಬಾಗಿಲು ಹಸಿರಿತ್ತು ಎಂದು ನನ್ನ ತಲೆ ಹೇಳುತ್ತದೆ. ಆಗಿನ ದಿನಚರಿಯಲ್ಲಿ ‘ನೀಲಿ ಬಾಗಿಲು’ ಎಂದು ನಾನೇ ಬರೆದಿದ್ದೇನೆ. ಬಾಗಿಲಿನ ವಿಷಯದಲ್ಲಿ ದಿನಚರಿಯನ್ನು ನಂಬುತ್ತೇನೆ. ಜನರ ಮಾತಿನ ವಿಷಯದಲ್ಲಿ ಎರಡನ್ನೂ ಪೂರ್ತಿ ನಂಬುವುದಿಲ್ಲ. ಕೇಳಿದ್ದನ್ನು ಬರೆದಿಡುವಾಗಲೇ ಸ್ವಲ್ಪ ತಿದ್ದುವ ಚಟ ನನಗಿತ್ತು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಧಾರವಾಡದಲ್ಲಿ ಅರ್ಥಶಾಸ್ತ್ರದ ಎಂ.ಎ. ಮುಗಿಸಿ ಗೋಕಾಕಕ್ಕೆ ಮರಳಿದ್ದೆ. ಒಂದು ಕಾಲೇಜಿನಲ್ಲಿ ವಾರಕ್ಕೆ ಕೆಲವು ತಾಸು ಪಾಠ, ಉಳಿದ ಹೊತ್ತು ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಕಾಕಾರ, ಅಂದರೆ ನನ್ನ ಅಪ್ಪನ ತಮ್ಮನ, ಅಂಗಡಿಯಲ್ಲಿ. ಝೆರಾಕ್ಸ್ ಯಂತ್ರ, ಫೋನ್ ಬೂತ್, ಎರಡು ಕಂಪ್ಯೂಟರ್, ಇಷ್ಟು ಅಂಗಡಿ. ಒಂದು ದೀಪಾವಳಿಗೆ ಮುಂಚೆ ಕಾಕಾ ಬೆಳಗಾವಿಯಿಂದ ಕುಣಿತದ ಆಟ ತಂದರು.

ಕಂಪ್ಯೂಟರಿಗೆ ವೈರಿನಿಂದ ಜೋಡಿಸುವ ಪ್ಲಾಸ್ಟಿಕ್ ಹಾಸು, ಅದರ ಮೇಲೆ ನಾಲ್ಕು ದಿಕ್ಕಿಗೆ ನಾಲ್ಕು ಬಾಣ, ಜೊತೆಗೊಂದು ಸಿ.ಡಿ. ಹಾಡು ಶುರುವಾದರೆ ಪರದೆಯ ಮೇಲೆ ಬಾಣಗಳು ಒಂದೊಂದಾಗಿ ಬರುತ್ತವೆ. ಅಲ್ಲಿ ಬಂದ ಬಾಣವನ್ನು ಇಲ್ಲಿ ಹಾಸಿನ ಮೇಲೆ ತುಳಿಯಬೇಕು. ತಪ್ಪಿದರೆ ಕರ್ರ್ ಎಂಬ ಸದ್ದು. ಹಾಸು ಒಂದೇ ಸಲ ಕೊಂಡರೆ ಸಾಕು, ಆದರೆ ಹಾಡುಗಳ ಸಿ.ಡಿ. ವರ್ಷಕ್ಕೊಂದು ಹೊಸದು ಬರುತ್ತದೆ, ನಿಜವಾದ ವ್ಯಾಪಾರ ಅದರಲ್ಲೇ ಇದೆ ಎಂದು ಬೆಳಗಾವಿಯ ಅಂಗಡಿಯವರು ಕಾಕಾರ ತಲೆಗೆ ತುಂಬಿ ಕಳಿಸಿದ್ದರು.

ಮೊದಲು ಬಂದವಳು ಎದುರಿನ ಬಟ್ಟೆ ಅಂಗಡಿಯ ಹೊಸ ಸೊಸೆ. ಜೈನರ ಮನೆಯ ಹುಡುಗಿ, ಮದುವೆಯಾಗಿ ಐದು ತಿಂಗಳು. ಚಪ್ಪಲಿಯನ್ನು ಹೊರಗೆ ಬಿಟ್ಟು, ಹಾಸನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ನಡುವೆ ನಿಂತಳು. ಹಾಡು ಶುರುವಾಯಿತು. ಪರದೆಯ ಮೇಲೆ ಎಡಬಾಣ ಬಂತು. ಅವಳು ಬಲಗಾಲನ್ನು ಬಲಕ್ಕಿಟ್ಟಳು. ಕರ್ರ್.

“ಕಾಕಾ, ಇದು ಕೆಟ್ಟೈತೇನ್ರಿ?”

“ಕೆಟ್ಟಿಲ್ಲವ್ವಾ. ಎಡಕ್ಕ ಬಾಣ ಬಂದಿತ್ತು, ನೀ ಬಲಕ್ಕ ತುಳದಿ.”

“ಹೊಸಾ ಹಾಸಿನ ಮ್ಯಾಲ ಶುರುನ ಎಡಗಾಲಲೆ ಮಾಡೂದೇನ್ರಿ? ನಮ್ಮ ಅತ್ತಿ ನೋಡಿದ್ರ ಮತ್ತ ಹೊಚ್ಚಲ ದಾಟಿಸಿ ಒಳಗ ಕರಕೋತಾಳ!”

ಎಲ್ಲರೂ ನಕ್ಕೆವು. ಆದರೆ ಆ ಸಿ.ಡಿ.ಯ ಹಾಡುಗಳೆಲ್ಲ ಎಡಬಾಣದಿಂದಲೇ ಶುರುವಾಗುತ್ತಿದ್ದವು, ಆ ವಾರ ಬಂದವರೆಲ್ಲ ಅಲ್ಲೇ ತಪ್ಪಿದರು. ಸಾಲಿಯ ಹುಡುಗಿಯರು ತಪ್ಪಿದರು, ಘಟಪ್ರಭಾದಿಂದ ದಿನಾ ಬರುವ ಬ್ಯಾಂಕಿನ ಗುಮಾಸ್ತರು ತಪ್ಪಿದರು, ಇಂಥದ್ದನ್ನೆಲ್ಲ ನಂಬುವುದಿಲ್ಲ ಎನ್ನುತ್ತಿದ್ದ ನಾನೂ ತಪ್ಪಿದೆ. ಕಾಕಾ ಸ್ಟೂಲಿನ ಮೇಲೆ ಕೂತು ಕಾಲುಗಳನ್ನೇ ನೋಡುತ್ತಿದ್ದರು. ಶನಿವಾರ ಎದ್ದು ನಿಂತು ಹೇಳಿದರು:

“ಇವರು ಕುಣಿಯೂದ್ರಾಗ ಸೋಲಾಕತ್ತಿಲ್ಲ. ಶುರು ಮಾಡೂದ್ರಾಗ ಸೋಲಾಕತ್ತಾರ. ಮೊದಲ ಬಾಣ ಬಲಕ್ಕಿದ್ರ ಈ ಆಟಾ ನಮ್ಮದ ಆಗ್ತೈತಿ. ನಮ್ಮ ಕಡೆ ಹಾಡು ಹಾಕಿ, ವರ್ಷಾ ಒಂದು ನಾವ ಮಾಡೂನು.”

ಆಮೇಲೆ ನನ್ನ ಕಡೆ ತಿರುಗಿದರು. “ನೀ ಎಂ.ಎ. ಕಲತಾಕಿ. ಖರ್ಚ ಎಷ್ಟ ಬರ್ತೈತಿ, ಯಾರ್ಯಾರು ತಗೋತಾರ, ಒಂದು ಹಾಳಿ ಮ್ಯಾಲ ಬರದ ಕೊಡು. ನೀ ಹೆಂಗ ಬರೀತಿ ಹಂಗ ಮಾಡ್ತೇನಿ.”

ಆ ಕೊನೆಯ ಮಾತು ನನ್ನನ್ನು ಹೆದರಿಸಿತು. ಕಾಕಾ ಅಷ್ಟು ಹುರುಪಿನಲ್ಲಿದ್ದದ್ದನ್ನು ಮುಂಚೆ ಕಂಡಿರಲಿಲ್ಲ. ಪರೀಕ್ಷೆಯಲ್ಲಿ ಮಾರುಕಟ್ಟೆಯ ಬಗ್ಗೆ ಪುಟಗಟ್ಟಲೆ ಬರೆದಿದ್ದೆ. ಅದನ್ನು ನಂಬಿ ಯಾರೂ ಏನೂ ಮಾಡಿರಲಿಲ್ಲ.

ಹಾಡುಗಳು ದುಬಾರಿಯಾಗಲಿಲ್ಲ. ಮೂಡಲಗಿಯ ಭಜನಾ ಮೇಳದವರು ಕೋಲಾಟದ ಪದಗಳನ್ನು ಹಾಡಲು ಊಟ ಮತ್ತು ಬಸ್ ಚಾರ್ಜಿಗೆ ಒಪ್ಪಿದರು. ದುಬಾರಿಯಾದದ್ದು ಬಾಣಗಳು. ತಾಳಕ್ಕೆ ಸರಿಯಾಗಿ ಯಾವಾಗ ಯಾವ ಬಾಣ ಬರಬೇಕೆಂದು ಕೂಡಿಸಿ ಕಂಪ್ಯೂಟರಿಗೆ ಹಾಕಲು ಬೆಳಗಾವಿಯ ಒಬ್ಬ ಕಂಪ್ಯೂಟರ್ ಮಾಸ್ತರರು ಕೇಳಿದ ಹಣ, ಒಂದೇ ಹಾಡಿಗೆ, ನನ್ನ ತಿಂಗಳ ಪಗಾರಕ್ಕಿಂತ ಹೆಚ್ಚಿತ್ತು. ಆ ಸಂಜೆ ಕಾಕಾರ ಮನೆಯಲ್ಲಿ ಲೆಕ್ಕ ಹೇಳಿ, ಇಲ್ಲಿಗೆ ಆಟ ಮುಗಿಯಿತು ಎಂದುಕೊಂಡೆ. ಆಗ ಭಕ್ರಿ ಬಡಿಯುತ್ತಿದ್ದ ಕಾಕೂ, ಕಾಕಾರ ಹೆಂಡತಿ, ಒಳಗಿಂದಲೇ ಅಂದರು:

“ಹೆಜ್ಜಿ ಬರ್ಯಾಕ ಬೆಳಗಾವಿ ಯಾಕ ಬೇಕ್ರಿ? ಸಾಲ್ಯಾಗ ನಾ ತಾಳಕ್ಕ ಹೆಜ್ಜಿ ಹಾಕಿ ಲೇಜೀಮ ಆಡಿದಾಕಿ. ಮಾಸ್ತರ ಬರೇ ಅವನ್ನ ಕಂಪ್ಯೂಟರದಾಗ ಒತ್ತಲಿ.”

ಹಳೆಯ ಕ್ಯಾಲೆಂಡರಿನ ಹಾಳೆಗಳ ಬೆನ್ನ ಮೇಲೆ ಕಾಕೂ ರಂಗೋಲಿಗೆ ಇಡುವ ಹಾಗೆ ಚುಕ್ಕಿ ಇಟ್ಟರು. ಒಂದು ಸಾಲು ತಾಳದ ಒಂದು ಪೆಟ್ಟು, ಸಾಲಿಗೆ ನಾಲ್ಕು ದಿಕ್ಕಿನ ನಾಲ್ಕು ಚುಕ್ಕಿ, ತುಳಿಯಬೇಕಾದ ಚುಕ್ಕಿಗೆ ಒಂದು ಸುತ್ತು. ಬರೆದದ್ದನ್ನು ಅಂಗಳದಲ್ಲಿ ಕಾಕಾ ಕುಣಿದು ನೋಡುತ್ತಿದ್ದರು.

“ಮೂರನೇದಕ್ಕ ಹಿಂದ ಹೋಗ್ರಿ ಅಂದ್ನಲ್ಲ! ನಿಮ್ಮ ಕಾಲಿಗೆ ಕಿವಿನ ಇಲ್ಲ ನೋಡ್ರಿ.”

“ಕಿವಿ ಅದಾವು. ನಿನ್ನ ಮಾತು ಕೇಳಿ ಕೇಳಿ ಕೆಪ್ಪಾಗ್ಯಾವು.”

ಮಾಸ್ತರರು ಬರೀ ಒತ್ತುವ ಕೆಲಸಕ್ಕೆ ಅರ್ಧಕ್ಕೂ ಕಡಿಮೆ ತೆಗೆದುಕೊಂಡರು. ನನ್ನ ಹಾಳೆಯಲ್ಲಿ ಖರ್ಚು ಇಳಿಯಿತು, ಕಾಕಾ ಹೂಂ ಅಂದರು. ಮರುವರ್ಷ ನಾಗರ ಪಂಚಮಿಯ ಹೊತ್ತಿಗೆ ನಮ್ಮ ಸಿ.ಡಿ. ಬಂತು. ಆರು ಹಾಡು, ಏಳೂ ಇರಬಹುದು. ಎಲ್ಲದರಲ್ಲೂ ಮೊದಲ ಬಾಣ ಬಲಕ್ಕೆ. ಬಟ್ಟೆ ಅಂಗಡಿಯ ಸೊಸೆಯನ್ನೇ ಕರೆದು ನಿಲ್ಲಿಸಿದೆವು. ಅವಳು ಬಲಗಾಲಿಟ್ಟಳು, ಕರ್ರ್ ಅನ್ನಲಿಲ್ಲ, ಆ ಖುಷಿಯಲ್ಲಿ ಚಪ್ಪಾಳೆ ತಟ್ಟುತ್ತ ನಿಂತು ಎರಡನೇ ಬಾಣ ತಪ್ಪಿಸಿದಳು.

ಬೆಳಗಾವಿಯಿಂದ ತರಿಸಿದ ಹಾಸುಗಳ ಜೊತೆ ಮಾಡಿಸಿದಷ್ಟೂ ಸಿ.ಡಿ. ಹೋದವು. ಗೋಕಾಕದ ಮನೆಗಳಿಗೆ, ವಾರ್ಷಿಕ ಗ್ಯಾದರಿಂಗಿನಲ್ಲಿ ಮಕ್ಕಳನ್ನು ಕುಣಿಸಲು ಮೂಡಲಗಿಯ ಸಾಲಿಗಳಿಗೆ, ಹುಕ್ಕೇರಿಯ ಒಂದು ಅಂಗಡಿಗೆ. ಕಾಕಾ ಆಗಲೇ ಮುಂದಿನ ವರ್ಷದ ಹಾಡುಗಳನ್ನು ಗುನುಗುತ್ತಿದ್ದರು. ವರ್ಷ ತಿರುಗಿದ ಮೇಲೆ, ಹೊಸದು ಎಷ್ಟು ಬೇಕಾಗುತ್ತದೆ ಎಂದು ಕೇಳಿ ಬಾ ಎಂದು ನನ್ನನ್ನು ಬಸ್ ಹತ್ತಿಸಿದರು.

ಮೂಡಲಗಿಯಲ್ಲಿ ಸಾಲಿಯ ಅಕ್ಕೋರೊಬ್ಬರು ಮಕ್ಕಳನ್ನು ಕುಣಿಸುತ್ತಲೇ ಹೇಳಿದರು: “ಹೊಸಾದು ಬ್ಯಾಡ್ರಿ ಬಾಯಾರ. ಈಗರ ಇವರ ಕಾಲು ಪಳಗ್ಯಾವು. ಮತ್ತ ಮೊದಲಿಂದ ಯಾರು ಕಲಸೂದು?”

ಹುಕ್ಕೇರಿಯ ಅಂಗಡಿಯವರು ನನಗೆ ಚಹಾ ತರಿಸಿ ತಾವೇ ಕೇಳಿದರು: “ಹೋದ ವರ್ಷದ್ದು ಇನ್ನೊಂದಿಷ್ಟು ಅದಾವೇನ್ರಿ? ಜನಾ ಅದನ್ನ ಕೇಳಾಕತ್ತಾರ.”

“ಈ ವರ್ಷ ಹೊಸಾ ಹಾಡು ಹಾಕ್ತೇವ್ರಿ.”

“ಹೊಸಾದು ನಿಮ್ಮ ಹಂತೇಕ ಇರ್ಲಿ. ಹಳೇದು ಕೊಡ್ರಿ.”

ಹುಕ್ಕೇರಿಯಿಂದ ಮರಳುವ ಬಸ್ಸಿನಲ್ಲಿ, ಕಿಟಕಿಯ ಪಕ್ಕ ಕೂತು, ಮೊಣಕಾಲ ಮೇಲೆ ನೋಟ್‌ಬುಕ್ಕಿಟ್ಟು ಎರಡನೇ ಹಾಳೆ ಬರೆದೆ. ಹೊಸ ಸಿ.ಡಿ.ಗೆ ಮೊದಲಿನಷ್ಟೇ ಖರ್ಚು. ಕೊಳ್ಳುವವರು ಮೊದಲಿನದರಲ್ಲೇ ತೃಪ್ತರು. ವರ್ಷಕ್ಕೊಂದು ಮಾಡುವುದು ಬೇಡ, ಇದ್ದದ್ದನ್ನೇ ಮತ್ತೆ ಹಾಕಿಸಿ ಮಾರಬೇಕು. ಇಷ್ಟು ಬರೆಯುವಾಗ ಕೈ ತಡೆಯಿತು, ಆದರೂ ಬರೆದೆ.

ಕಾಕಾರಿಗೆ ಅದನ್ನು ಕೊಟ್ಟದ್ದು ಕಣ್ಣಿಗೆ ಕಟ್ಟಿದಂತಿದೆ. ಸ್ಟೂಲು, ಮೂಗಿನ ಮೇಲೆ ಚಾಳೀಸು, ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿದ್ದು. ಎರಡನೇ ಸಿ.ಡಿ. ಬರಲಿಲ್ಲ. ಹಳೆಯದೇ ಇನ್ನೂ ಎರಡು ಮೂರು ವರ್ಷ ನಡೆಯಿತು. ಕಾಕಾ ಒಂದು ದಿನವೂ ಗೊಣಗಲಿಲ್ಲ. ಅಂಗಡಿಯಲ್ಲಿ ಫೋಟೋ ತೆಗೆಯುವುದನ್ನು ಶುರು ಮಾಡಿದರು, ಚೆನ್ನಾಗಿಯೇ ನಡೆಯಿತು. ಒಂದು ಹಠವನ್ನು ನನ್ನ ಹಾಳೆ ನಿಲ್ಲಿಸಿತು ಎಂಬ ಹೆಮ್ಮೆ, ಹೆಮ್ಮೆಯ ಬುಡದಲ್ಲೊಂದು ಚೂರು ಅಳುಕು, ಎರಡನ್ನೂ ಇಟ್ಟುಕೊಂಡು ಬಂದೆ.

ಈಚೆಗೆ ಆ ವರ್ಷದ ದಿನಚರಿ ತಿರುವಿದಾಗ ಆ ಎರಡನೇ ಹಾಳೆ ಅದರಲ್ಲೇ ಸಿಕ್ಕಿತು. ಜೊತೆಗೆ ಹುಕ್ಕೇರಿ ಬಸ್ಸಿನ ಚೀಟಿ. ಹಾಳೆಯಲ್ಲಿ ಒಂದು ಮಡಿಕೆಯೂ ಇಲ್ಲ. ಚೊಕ್ಕ ಪ್ರತಿ ಮಾಡಿ ಕೊಟ್ಟಿದ್ದೆನೇ? ಹಾಗೆ ಎಲ್ಲೂ ಬರೆದಿಲ್ಲ. ಜೇಬಿಗೆ ಹೋದದ್ದು ಮೊದಲ ವರ್ಷದ ಹಾಳೆಯೂ ಆಗಿರಬಹುದು.

ಕೇಳಿಬಿಡೋಣವೆಂದು ಕಾಕಾರ ಮನೆಗೆ ಹೋದೆ. ಮಾಳಿಗೆಯ ಮೇಲೆ ಆ ಕುಣಿತದ ಹಾಸು ಬಿಸಿಲಿಗೆ ಹರಡಿತ್ತು. ಅದರ ಮೇಲೊಂದು ಹಳೆಯ ಧೋತರ, ಧೋತರದ ತುಂಬ ಕಾಕೂ ಇಟ್ಟ ಹಪ್ಪಳ. ಅಂಚಿನಲ್ಲಿ ಬಲಬಾಣದ ತುದಿಯಷ್ಟೇ ಕಾಣುತ್ತಿತ್ತು. ನಾನು ಕೇಳಿದೆ. ಕಾಕಾ ನಕ್ಕು, “ಮೊದಲ ಆ ಬಾಜೂದ್ದು ತಿರುವಿ ಹಾಕವ್ವಾ, ಬಿಸಲು ಹೊಂಟೈತಿ” ಎಂದರು. ಇಬ್ಬರೂ ಕೂತು ಹಪ್ಪಳ ತಿರುವಿದೆವು. ಸಾಲು ಮುಗಿದ ಮೇಲೆ ಮತ್ತೆ ಕೇಳಿದೆ, ಅದಕ್ಕೂ ನಕ್ಕರು, ಇವತ್ತಿನವರೆಗೂ ಹೇಳಿಲ್ಲ. ನಾನು ಕೇಳಿದ್ದು ಇಷ್ಟೇ:

“ಕಾಕಾ, ಆ ಆಟಾ ನೀವು ನನ್ನ ಹಾಳಿ ಓದಿ ಬಿಟ್ಟಿರೇನ್ರಿ, ಇಲ್ಲಾ ನಾ ಕೊಡೂಕಿಂತ ಮೊದಲ ಬಿಟ್ಟಿದ್ದಿರೇನ್ರಿ?”