ರಿಪೋರ್ಟೆಡ್ ಬೈ ಎಂಬ ಸಾಲು

ನಾರ್ತ್‌ವಿಲ್‌ನ ಇಂಡಿಯನ್ ಅಂಗಡಿಯಲ್ಲಿ ಮೊನ್ನೆ ಯಾರದೋ ಕೈಜಾರಿ ಶೇಂಗಾ ಚಟ್ನಿಪುಡಿಯ ಬಾಟಲಿ ಒಡೆಯಿತು. ಬೆಳ್ಳುಳ್ಳಿ, ಒಣಮೆಣಸಿನಕಾಯಿಯ ಘಾಟು ಮೂಗಿಗೆ ಬಡಿದದ್ದೇ ತಡ, ಆ ಮನುಷ್ಯ ಎದುರಿಗೆ ಬಂದು ನಿಂತಂತಾಯಿತು. ಚಟ್ನಿಪುಡಿ ಎಂದರೆ ನನಗೆ ಪ್ರಾಣವಾಗಿತ್ತು. ಅದರ ರುಚಿ ಕೆಡಿಸಿದವರು ಅವರೇ.

ಹಿಂದೆ ನಾನಿದ್ದ ಹಾಫ್‌ಮನ್ ಎಸ್ಟೇಟ್ಸ್ ಎಂಬ ಊರಿನ ಆಫೀಸಿನಲ್ಲಿ ಅವರು ನನ್ನ ಟೀಮ್ ಲೀಡ್, ಹುಬ್ಬಳ್ಳಿ ಕಡೆಯವರು. ಮೀಟಿಂಗಿನಲ್ಲಿ ಎಲ್ಲರಂತೆ ನಾನೂ ಹೆಸರು ಹಿಡಿದೇ ಕರೆಯುತ್ತಿದ್ದೆ. ಕನ್ನಡದವರು ಮನೆಮನೆಯಿಂದ ಅಡುಗೆ ತಂದು ಕೂಡಿ ಉಣ್ಣುವ ಪಾಟ್‌ಲಕ್‌ನಲ್ಲಿ ಮಾತ್ರ ಅವರು ಅಂಕಲ್. ಈ ಎರಡು ವೇಷಗಳಲ್ಲಿ ಯಾವುದನ್ನು ಯಾವಾಗ ಹಾಕಿಕೊಂಡರೆ ಲಾಭ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಡ್ರಾಯರಿನಲ್ಲಿ ಚಟ್ನಿಪುಡಿ ಇಟ್ಟುಕೊಂಡು, ಮಧ್ಯಾಹ್ನ ನನ್ನ ಮೊಸರನ್ನಕ್ಕೆ ಕೇಳದೆಯೇ ಒಂದು ಚಮಚ ಸುರಿಯುತ್ತಿದ್ದರು. ಆಗ ಅದನ್ನು ಪ್ರೀತಿ ಅಂದುಕೊಂಡಿದ್ದೆ…

ನಮ್ಮದು ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರುಗಳ ಕರ್ನಲ್‌ನ, ಅಂದರೆ ಅವುಗಳನ್ನು ನಡೆಸುವ ಮೂಲ ಸಾಫ್ಟ್‌ವೇರಿನ ಕೆಲಸ. ಬ್ಯಾಂಕಿನಂಥ ಕಡೆ ಆ ಯಂತ್ರಗಳನ್ನು ಆಫ್ ಮಾಡುವಂತಿಲ್ಲ. ಮೆಮೊರಿ ಸಾಲದೆ ಬಂದರೆ ಓಡುತ್ತಿರುವಾಗಲೇ ಹೊಸದನ್ನು ಸೇರಿಸಬೇಕು. ಇದಕ್ಕೆ ಮೆಮೊರಿ ಹಾಟ್‌ಪ್ಲಗ್ ಎನ್ನುತ್ತಾರೆ. ಆದರೆ ಹೊಸ ಮೆಮೊರಿಯ ಲೆಕ್ಕ ಇಡಲು ಕರ್ನಲ್‌ಗೆ ಹಳೆಯ ಮೆಮೊರಿಯಲ್ಲೇ ಒಂದಿಷ್ಟು ಜಾಗ ಬೇಕಿತ್ತು. ಇದ್ದದ್ದೆಲ್ಲ ಮುಗಿದು ಒದ್ದಾಡುವ ಹೊತ್ತಿನಲ್ಲಿ ಆ ಜಾಗವೂ ಸಿಗದೆ, ಸಹಾಯಕ್ಕೆ ಬಂದ ಮೆಮೊರಿ ಬಾಗಿಲಲ್ಲೇ ನಿಂತುಬಿಡುತ್ತಿತ್ತು. ತಿಂಗಳುಗಟ್ಟಲೆ ಇದಕ್ಕಾಗಿ ತಲೆ ಕೆಡಿಸಿಕೊಂಡಿದ್ದೆವು.

ಆ ಸಲ ಯುಗಾದಿಯ ಪಾಟ್‌ಲಕ್ ಅವರ ಮನೆಯಲ್ಲಿತ್ತು. ಹೊರಗೆ ಇನ್ನೂ ಹಿಮ, ಗರಾಜಿನಲ್ಲಿ ಬೂಟುಗಳ ರಾಶಿ. ಪೇಪರ್ ಪ್ಲೇಟ್ ಹಿಡಿದು ಊಟದ ಸಾಲಿನಲ್ಲಿ ನಿಂತು, ಯಾರ್ಯಾರೋ ತಂದ ಪಾತ್ರೆಗಳನ್ನು ನೋಡುತ್ತಿದ್ದಾಗ ನನಗೆ ಹೊಳೆಯಿತು. ಪಕ್ಕದಲ್ಲಿ ಬಡಿಸುತ್ತಿದ್ದ ಅವರಿಗೆ ಅಲ್ಲೇ ಹೇಳಿಬಿಟ್ಟೆ.

“ಅಂಕಲ್, ಇಲ್ಲಿ ಬರೋರೇ ಅಡುಗೆ ತರ್ತಾರಲ್ವಾ, ಹಾಗೇ ಹೊಸ ಮೆಮೊರಿನೇ ತನ್ನ ಲೆಕ್ಕಕ್ಕೆ ಜಾಗ ತಂದ್ರೆ? ಅದರ ಮೊದಲ ತುಂಡಲ್ಲೇ ಲೆಕ್ಕ ಇಡಬಹುದಲ್ವಾ?”

“ಮೊದ್ಲ ಊಟಾ ಮಾಡವಾ, ಕರ್ನಲ್ ಎಲ್ಲೂ ಓಡಿ ಹೋಗೂದಿಲ್ಲ,” ಎಂದು ಪ್ಲೇಟಿಗೆ ಹೋಳಿಗೆ ಹಾಕಿದರು.

ನಮ್ಮ ಕಸುಬಿನಲ್ಲಿ ಬಾಯಿಮಾತಿಗೆ ಬೆಲೆಯಿಲ್ಲ. ಕರ್ನಲ್‌ನವರೆಲ್ಲರೂ ನೋಡುವ ಇಮೇಲ್ ಬಳಗಕ್ಕೆ, ಮೇಲಿಂಗ್ ಲಿಸ್ಟಿಗೆ, ಯಾರು ಮೊದಲು ಕೋಡ್ ಕಳಿಸುತ್ತಾರೋ ಕೆಲಸ ಅವರದು. ಅಂಕಲ್‌ಗೆ ಹೇಳಿದ್ದೇನಲ್ಲ, ಇನ್ನೇನು ಆತುರ ಎಂದು ನಾನು ನಿಧಾನವಾಗಿ ಕೋಡ್ ಬರೆಯುತ್ತಿದ್ದೆ. ಅಷ್ಟರಲ್ಲಿ ಅವರು ಅದನ್ನೇ ಬರೆದು ಕಳಿಸಿಯೂ ಆಗಿತ್ತು. ಮೇಲೆ ಅವರ ಹೆಸರು. ಕಡೆಯಲ್ಲಿ, ರಿಪೋರ್ಟೆಡ್ ಬೈ ಎಂಬ ಸಾಲಿನಲ್ಲಿ ನನ್ನ ಹೆಸರು. ಅಂದರೆ ಇಲ್ಲೊಂದು ತೊಂದರೆ ಇದೆ ಎಂದು ದೂರು ಕೊಟ್ಟವಳು, ಅಷ್ಟೇ. ಹೆಸರನ್ನೇ ಹಾಕದಿದ್ದರೆ ಕಳ್ಳತನ ಎಂದು ಕೂಗಬಹುದಿತ್ತು. ಅದಕ್ಕೂ ಅವಕಾಶ ಕೊಡಲಿಲ್ಲ ಆ ಮಹಾನುಭಾವ.

ಹೋಗಿ ಕೇಳಿದೆ. ಚಟ್ನಿಪುಡಿಯ ಮುಚ್ಚಳ ತಿರುಗಿಸುತ್ತಲೇ ಉತ್ತರ ಕೊಟ್ಟರು: “ತ್ರಾಸ ಐತಿ ಅಂದಾಕಿ ನೀ. ಕೋಡ್ ಬರದಾಂವ ನಾ. ಅಂಕಲ್ ಅಂತೀ, ಮತ್ತ ಜಗಳಾ ತಗೀತಿ?”

ಲಿಸ್ಟಿನಲ್ಲಿ ಎಲ್ಲರೆದುರು ಬರೆಯಲು ಕುಳಿತೆ. ಬರೆದು ಅಳಿಸಿದೆ. ಹೋಳಿಗೆಯ ಸಾಲಿನಲ್ಲಿ ಕನ್ನಡದಲ್ಲಿ ಆಡಿದ ಮಾತಿಗೆ ಸಾಕ್ಷಿ ಯಾರನ್ನು ತರಲಿ?

ಮುಂದೆ ಟೀಮ್ ಕಡಿಮೆ ಮಾಡಿದಾಗ, ಯಾರ ಹೆಸರಿನಲ್ಲಿ ದೊಡ್ಡ ಕೆಲಸವಿತ್ತೋ ಅವರು ಉಳಿದರು. ನಾನು ಈ ಕಡೆಯ ವಾರೆನ್ ಎಂಬ ಊರಿಗೆ ಬಂದು, ಕಾರಿನ ಸೀಟು ಹಿಂದೆ ಮುಂದೆ ಸರಿಸುವ ಸಾಫ್ಟ್‌ವೇರ್ ಟೆಸ್ಟ್ ಮಾಡತೊಡಗಿದೆ. ಸೀಟು ಸರಿಯುತ್ತದೆ, ಸಂಬಳ ಬರುತ್ತದೆ. ಕರ್ನಲ್ ಕೆಲಸಕ್ಕೆ ಎಲ್ಲಿ ಅಪ್ಲೈ ಮಾಡಿದರೂ, ನಿಮ್ಮ ಹೆಸರಿನಲ್ಲಿ ಏನಿದೆ ಎಂದೇ ಕೇಳಿದರು. ನನ್ನ ಹೆಸರಿನಲ್ಲಿ ಒಂದು ದೂರಿದೆ. ಅವರನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವ ಉದ್ದೇಶವೂ ಇಲ್ಲ.

ಮೊನ್ನೆ ಆ ಘಾಟಿಗೆ ಸೀನುತ್ತಾ ತಿರುಗಿ ನೋಡಿದರೆ, ಬಾಟಲಿ ಬೀಳಿಸಿಕೊಂಡು ನಿಂತಿದ್ದವರು ಅವರ ಹೆಂಡತಿ. ಅಂಕಲ್ ತೀರಿಕೊಂಡ ಮೇಲೆ ಇಲ್ಲೇ ಮಗಳ ಮನೆಗೆ ಬಂದಿದ್ದಾರಂತೆ. ಅವರು ಹೋದದ್ದೇ ನನಗೆ ಗೊತ್ತಿರಲಿಲ್ಲ. ಆಂಟಿ ನನ್ನ ಕೈ ಹಿಡಿದುಕೊಂಡರು.

“ನಿನ್ನ ಸುದ್ದಿ ಭಾಳ ತಗೀತಿದ್ರವಾ. ಆ ಹುಡುಗಿನ್ನ ನಾನ ತಯಾರ ಮಾಡೀನಿ ಅಂತಿದ್ರು.”

ಸಾಯುವ ಮುಂಚೆ ನನ್ನನ್ನೂ ತಮ್ಮ ಹೆಸರಿಗೆ ಹಾಕಿಕೊಂಡಿದ್ದರು! ಗಂಡನನ್ನು ಕಳೆದುಕೊಂಡ ಹೆಂಗಸಿನೊಂದಿಗೆ ಏನು ಜಗಳ? “ಹೌದು ಆಂಟಿ,” ಅಂದೆ. ಅವರು ಇನ್ನೊಂದು ಬಾಟಲಿ ತೆಗೆದುಕೊಂಡು ಬಿಲ್ ಮಾಡಿಸಲು ಹೋದರು.

ಕಾರಿನಲ್ಲಿ ಬಂದು ಕುಳಿತಾಗ ಅಳು ಬಂತು. ಅವರಿಗಾಗಿ ಅಲ್ಲ. ಆ ದಿನ ಊಟದ ಸಾಲಿನಲ್ಲಿ ನಾನೇನು ಹೇಳಿದೆ ಎಂದು ಬಲ್ಲವರು ಅವರೊಬ್ಬರೇ ಇದ್ದರು… ಎಂದಾದರೂ ಅದನ್ನು ಅವರ ಬಾಯಿಂದಲೇ ಹೇಳಿಸುತ್ತೇನೆ ಎಂದುಕೊಂಡಿದ್ದೆ. ಈಗ, ನೀ ಹೇಳಿಲ್ಲ ಎಂದು ಸುಳ್ಳಾಡುವುದಕ್ಕಾದರೂ ಯಾರೂ ಉಳಿದಿಲ್ಲ.