ಮುಂದಿನ ಸೀಟಿನ ಕೊಡ

೨೦೧೬ರ ಬೇಸಿಗೆ. ಬೀದರಿನ ಒಂದು ವಾಹನ ವರ್ಕ್‌ಶಾಪಿನಲ್ಲಿ ನಾನು ಎಲೆಕ್ಟ್ರಿಕಲ್ ದೋಷ ಪತ್ತೆಹಚ್ಚುವ ಇಂಜಿನಿಯರ್ ಆಗಿದ್ದೆ. ಸಂತಪುರದ ನಮ್ಮ ಓಣಿಯಲ್ಲಿ ಬಿ.ಇ. ಮುಗಿಸಿದ ಮೊದಲಿಗಳು ನಾನು. ಹೆಣ್ಣುಮಕ್ಕಳಲ್ಲಿ ಮೊದಲಿಗಳು ಎಂದು ಕೆಲವರು ತಿದ್ದುತ್ತಾರೆ. ಗಂಡಸರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಅಪ್ಪ ಅವ್ವ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುವಾಗ ಶಾಲೆ ತಪ್ಪಬಾರದೆಂದು ನನ್ನನ್ನು ಅಜ್ಜಿಯ ಬಳಿ ಬಿಟ್ಟು ಹೋಗುತ್ತಿದ್ದರು. ನಾನು ಓದಿದ್ದು ಹೀಗೆ.

ಆ ವರ್ಷದ ಬರಕ್ಕೆ ಔರಾದ ಕಡೆಯ ಹಳ್ಳಿಗಳು ಖಾಲಿಯಾಗುತ್ತಿದ್ದವು. ಮಂದಿ ಗಂಟು ಕಟ್ಟಿಕೊಂಡು ಜೀಪುಗಳಲ್ಲಿ ಭಾಲ್ಕಿ ಸ್ಟೇಷನ್ನಿಗೆ ಬಂದು ಹೈದರಾಬಾದಿನ ರೈಲು ಹತ್ತುತ್ತಿದ್ದರು. ಅಂಥ ಒಂದು ಜೀಪನ್ನು ಟ್ರ್ಯಾಕ್ಟರಿಗೆ ಕಟ್ಟಿ ನಮ್ಮ ವರ್ಕ್‌ಶಾಪಿಗೆ ಎಳೆದು ತಂದರು. ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಬ್ಯಾಟರಿ ಸತ್ತಿರುತ್ತಿತ್ತು. ಬ್ಯಾಟರಿ ಬದಲಿಸಿದ ಮೇಲೂ ಅದೇ ಕಥೆ.

ಜೀಪಿನ ಮಾಲೀಕರು ಭಾಲ್ಕಿಯ ಒಬ್ಬ ಸಾಹುಕಾರರು. ಡ್ರೈವರ್ ತುಕಾರಾಮ ರಾತ್ರಿ ಗಾಡಿಯಲ್ಲಿ ಫ್ಯಾನು ಹಾಕಿ, ಹಾಡು ಹಚ್ಚಿ ಮಲಗುತ್ತಾನೆ ಎಂಬುದು ಅವರ ತೀರ್ಮಾನ. ಗಾಡಿ ಸರಿಯಾದ ದಿನವೇ ಅವನನ್ನು ಕೆಲಸದಿಂದ ಬಿಡಿಸುವುದಾಗಿ ಹೇಳಿದ್ದರು.

"ನಾ ಮನ್ಯಾಗ ಮಲಗ್ತೇನ್ರಿ ಮೇಡಮ್," ಎಂದ ತುಕಾರಾಮ. "ಈ ಕೆಲಸ ಹೋದ್ರ ನಾನೂ ಅದೇ ರೈಲ ಹತ್ತಬೇಕು. ಮಕ್ಕಳ ಸಾಲಿ ಬಿಡಿಸಬೇಕಾಗ್ತದ."

ಆ ಮಾತು ಕೇಳಿ ಸುಮ್ಮನಿರುವುದು ನನ್ನಿಂದ ಆಗುವಂಥದ್ದಲ್ಲ.

ನಮ್ಮ ಮ್ಯಾನೇಜರು ಬೇರೆ ದಾರಿ ತೋರಿಸಿದರು. "ಬ್ಯಾಟರಿ ಚಾರ್ಜ್ ಮಾಡ್ರಿ, ಡ್ರೈವರನ ಅಜಾಗರೂಕತೆ ಅಂತ ಬರೀರಿ, ಮುಗೀತು. ಸಾಹುಕಾರ್ರ ಎಲ್ಲಾ ಗಾಡಿ ನಮ್ಮಲ್ಲೇ ಬರ್ತಾವ."

"ಪರೀಕ್ಷೆ ಮಾಡದ ಹ್ಯಾಂಗ ಬರೀಲಿ ಸರ್?"

"ಬರೀರಿ ಅಂದ್ರ ಬರೀಬೇಕು."

ಬರೆಯಲಿಲ್ಲ.

ಬ್ಯಾಟರಿಯ ತಂತಿಗೆ ಮೀಟರ್ ಹಾಕಿ, ಎಲ್ಲ ಬಾಗಿಲು ಮುಚ್ಚಿ, ಲಾಕ್ ಮಾಡಿ ಕಾದೆ. ಲಾಕ್ ಆದ ಸ್ವಲ್ಪ ಹೊತ್ತಿಗೆ ಗಾಡಿಯ ಎಲೆಕ್ಟ್ರಾನಿಕ್ಸ್ ನಿದ್ದೆಗೆ ಜಾರಬೇಕು. ಆಗ ಹರಿಯುವ ಕರೆಂಟು ಐವತ್ತು ಮಿಲಿ ಆಂಪಿಯರ್‌ಗಿಂತ ಕಡಿಮೆ. ಇಲ್ಲಿ ಅದು ನಾಲ್ಕು ಆಂಪಿಯರ್‌ನಿಂದ ಇಳಿಯಲೇ ಇಲ್ಲ. ಯಾವ ಬ್ಯಾಟರಿಯಾದರೂ ಬೆಳಗಾಗುವುದರೊಳಗೆ ಬರಿದಾಗುತ್ತದೆ. ಗಾಡಿಯೊಳಗೆ ಯಾರೂ ಇರಲಿಲ್ಲ, ಫ್ಯಾನು ಬಂದ್ ಇತ್ತು. ತುಕಾರಾಮ ನನ್ನ ಪಕ್ಕದಲ್ಲೇ ನಿಂತು ಮೀಟರ್ ನೋಡುತ್ತಿದ್ದ.

ಒಂದೊಂದೇ ಫ್ಯೂಸ್ ಕಿತ್ತು ನೋಡಿದೆ. ಬಿಸಿಎಮ್ ಫ್ಯೂಸ್ ಕಿತ್ತಾಗ ಕರೆಂಟು ಇಳಿಯಿತು. ಬಿಸಿಎಮ್ ಅಂದರೆ ಬಾಡಿ ಕಂಟ್ರೋಲ್ ಮಾಡ್ಯೂಲ್. ದೀಪ, ವೈಪರ್, ಬಾಗಿಲ ಲಾಕ್, ಕಳ್ಳರಿಂದ ಕಾಯುವ ಕೀಲಿಯ ಗುರುತು ಎಲ್ಲವನ್ನೂ ನಡೆಸುವ ಅಂಗೈ ಅಗಲದ ಪೆಟ್ಟಿಗೆ. ಸ್ಕ್ಯಾನರ್ ಜೋಡಿಸಿದಾಗ ಮುಂದಿನ ಎಡ ಬಾಗಿಲು ತೆರೆದಿದೆ ಎಂದು ತೋರಿಸಿತು. ಬಾಗಿಲು ಮುಚ್ಚಿಯೇ ಇತ್ತು. ನಾನು ಬಾಗಿಲಿನ ಸ್ವಿಚ್ಚನ್ನು ಕಳಚಿದೆ, ಆಮೇಲೆ ಆ ತಂತಿಯನ್ನೇ ಮಾಡ್ಯೂಲಿನಿಂದ ಬಿಡಿಸಿದೆ. ಆಗಲೂ "ತೆರೆದಿದೆ" ಎಂದೇ ಬಂತು. ಅಂದರೆ ಸುಳ್ಳು ಹೇಳುತ್ತಿದ್ದದ್ದು ಮಾಡ್ಯೂಲ್. ಬಾಗಿಲು ತೆರೆದಿದೆ ಎಂದುಕೊಂಡು ರಾತ್ರಿಯಿಡೀ ಎಚ್ಚರವಾಗಿದ್ದು, ಕರೆಂಟು ಹಾಯಿಸುವ ರಿಲೇ ಸ್ವಿಚ್ಚುಗಳನ್ನು ಹಿಡಿದಿಟ್ಟುಕೊಂಡು ಬ್ಯಾಟರಿ ಕುಡಿಯುತ್ತಿತ್ತು.

ಈ ಜೀಪಿನಲ್ಲಿ ಆ ಮಾಡ್ಯೂಲ್ ಎಡಗಡೆ, ಮುಂದೆ ಕುಳಿತವರ ಕಾಲಿನ ಪಕ್ಕದ ಫಲಕದ ಹಿಂದೆ ಇರುತ್ತದೆ. ಬಿಚ್ಚಿ ನೋಡಿದರೆ ಪಿನ್ನುಗಳ ಮೇಲೆ ಹಸಿರು ಕಿಲುಬು. ನೀರು.

ಮ್ಯಾನೇಜರರ ಮುಖ ಅರಳಿತು. "ನೋಡ್ರಿ, ನಾ ಹೇಳಿದ್ದೇ ಖರೇ ಆತು. ಗಾಡಿ ತೊಳೆಯುವಾಗ ಒಳಗ ನೀರು ಹೊಡದಾನ."

ಹೊಸ ಮಾಡ್ಯೂಲ್ ಹೈದರಾಬಾದಿನಿಂದ ತರಿಸಿದೆವು. ಅದನ್ನು ಸುಮ್ಮನೆ ಜೋಡಿಸಿದರೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಗಾಡಿಯ ನಂಬರನ್ನು ಅದರೊಳಗೆ ಬರೆಯಬೇಕು, ಎರಡೂ ಕೀಲಿಗಳನ್ನು ಒಂದೇ ಸಲಕ್ಕೆ ಗುರುತು ಮಾಡಿಸಬೇಕು. ಎರಡನೆಯ ಕೀಲಿ ಸಾಹುಕಾರರ ಬಳಿ ಇತ್ತು. ಹಾಗಾಗಿ ಅವರೇ ಭಾಲ್ಕಿಯಿಂದ ಬರಬೇಕಾಯಿತು.

ಬಂದವರೇ ಶುರು ಮಾಡಿದರು. "ಊರಿಗೆಲ್ಲ ಕುಡೀಲಿಕ್ಕ ನೀರಿಲ್ಲ, ನೀ ಗಾಡಿ ತೊಳೀತೀ ಏನೋ ತುಕ್ಯಾ? ಏನ್ ನವಾಬನೋ ನೀ?"

"ತೊಳದಿಲ್ರಿ ಸಾಹುಕಾರ್ರ. ಒಣ ಅರಿವಿಲೆ ಒರಸ್ತೇನಿ ಅಷ್ಟ."

ನಾನು ಆಗ ಎಡಗಡೆಯ ಮ್ಯಾಟ್ ಎತ್ತುತ್ತಿದ್ದೆ. ನೀರು ಬಂದ ದಾರಿ ಸಿಗದಿದ್ದರೆ ಹೊಸ ಮಾಡ್ಯೂಲೂ ಹಾಗೇ ಸಾಯುತ್ತದೆ. ಮಳೆಯೇ ಇಲ್ಲದ ವರ್ಷ, ಮೇಲಿಂದ ಸೋರಿರಲಾರದು. ಎ.ಸಿ.ಯಿಂದ ಸೋರಿದ ನೀರು ಎನ್ನೋಣವೆಂದರೆ ಆ ಜೀಪಿಗೆ ಎ.ಸಿ. ಇರಲಿಲ್ಲ. ಮ್ಯಾಟಿನ ಕೆಳಗಿನ ಹಾಸು ಒದ್ದೆಯಿತ್ತು. ಅದರ ಮೇಲೆ ದುಂಡಗೆ ಒತ್ತಿದ ಗುರುತು, ತಾಟಿನಷ್ಟು ಅಗಲ.

"ತುಕಾರಾಮಣ್ಣಾ, ಇಲ್ಲಿ ಕೊಡ ಇಡ್ತೀರಿ ಏನ್?"

ಅವನು ನೆಲ ನೋಡಿದ. ಸಾಹುಕಾರರನ್ನು ನೋಡಲಿಲ್ಲ. ನನಗೆ ಅಷ್ಟು ಸಾಕಾಯಿತು.

"ಹೇಳ್ರಿ. ಇಲ್ಲಾಂದ್ರ ನಿಮ್ಮ ಹೆಸರಿಗೇ ಬರೀತಾರ."

ಕೊನೆಗೆ ಸಾಹುಕಾರರೇ ಬಾಯಿ ಬಿಟ್ಟರು. "ನಮ್ಮ ಅವ್ವನ ಪೂಜಿ ನೀರು. ಔರಾದ ಹೊಲದ ಬಾವಿದು. ದಿನಾ ಒಂದು ಕೊಡ ತರ್ಲಿಕ್ಕ ನಾನೇ ಹೇಳೀನಿ."

"ಹಿಂದ ಯಾಕ ಇಡಿಸಿಲ್ರಿ? ಅಲ್ಲಿ ಜಾಗ ಅದ ಅಲ್ರಿ?"

"ಹಿಂದ ಎಂಥೆಂಥ ಮಂದಿ ಕುಂತಿರ್ತಾರ. ಮುಟ್ಟಿದ್ರ ಮೈಲಿಗಿ ಆಗ್ತದ."

ಯಾರೂ ಮುಟ್ಟಬಾರದೆಂದು ಮುಂದೆ ಇಟ್ಟ ಕೊಡ, ಔರಾದಿನ ರಸ್ತೆಯ ಪ್ರತಿ ಗುಂಡಿಗೂ ತುಳುಕಿ ಮಾಡ್ಯೂಲನ್ನು ಮುಟ್ಟಿತ್ತು.

"ಆ ಮಂದ್ಯಾಗ ನಮ್ಮ ಅಪ್ಪ ಅವ್ವನೂ ಕುಂತು ಹೋಗ್ಯಾರ ಸಾಹುಕಾರ್ರ," ಎಂದೆ. "ಅವರ ಮಗಳೇ ನಿಮ್ಮ ಗಾಡಿ ಬಿಚ್ಚಿ ಕುಂತಾಳ. ಮುಟ್ಟಲೋ, ಬ್ಯಾಡೋ?"

"ಸುಜಾತಾ ಮೇಡಮ್!" ಮ್ಯಾನೇಜರು ನಡುವೆ ಬಂದರು. "ನೌಕರಿ ಬ್ಯಾಡ ಏನ್ರಿ ನಿಮಗ?"

"ಬೇಕ್ರಿ ಸರ್. ಸುಳ್ಳು ಬರಿಯೋ ನೌಕರಿ ಬ್ಯಾಡ."

ಸಾಹುಕಾರರು ಜೇಬಿನಿಂದ ಎರಡನೆಯ ಕೀಲಿ ತೆಗೆದರು. ಬಾನೆಟ್ಟಿನ ಮೇಲೆ ಇಡಲು ಹೋದರು. ನಾನು ಕೈ ಚಾಚಿಯೇ ನಿಂತಿದ್ದೆ. ಕೈಗೇ ಕೊಡಬೇಕಾಯಿತು.

"ಹಂಗಾದ್ರ ಕೊಡ ಎಲ್ಲಿ ಇಡಬೇಕು?" ಎಂದು ಕೇಳಿದರು.

"ಹಿಂದ ಇಡ್ರಿ, ಮಂದಿ ನಡುವ. ತೊಡಿ ಮ್ಯಾಲ ಹಿಡ್ಕೊಂಡು ಕೂಡ್ತಾರ. ಒಂದ್ ಹನಿ ಚೆಲ್ಲೂದಿಲ್ಲ. ನೀರಿನ ಕಿಮ್ಮತ್ತು ಅವರಿಗೆ ಗೊತ್ತದ."

ಬ್ಯಾಟರಿ ಬಿಡಿಸಿ ಹೊಸ ಮಾಡ್ಯೂಲ್ ಕೂಡಿಸಿದೆ, ನಂಬರ್ ಬರೆದೆ, ಎರಡೂ ಕೀಲಿ ಗುರುತು ಮಾಡಿಸಿದೆ. ಲಾಕ್ ಮಾಡಿ ಕಾದಾಗ ಮೀಟರ್ ಮೂವತ್ತು ಮಿಲಿ ಆಂಪಿಯರ್‌ಗೆ ಇಳಿದು ಅಲ್ಲೇ ನಿಂತಿತು. ನೀರು ಹೊಕ್ಕಿದ್ದರಿಂದ ವಾರಂಟಿ ಸಿಗಲಿಲ್ಲ. ಖರ್ಚು ಸಾಹುಕಾರರೇ ಹೊತ್ತರು. ಗಾಡಿಯನ್ನು ತುಕಾರಾಮನೇ ನಡೆಸಿಕೊಂಡು ಹೋದ.

ಮುಂದಿನ ಸರ್ವಿಸಿಗೆ ಬಂದವನೂ ಅವನೇ. ನಾನು ಮೊದಲು ಎಡಗಡೆಯ ಮ್ಯಾಟ್ ಎತ್ತಿದೆ. ಒಣಗಿತ್ತು. ಕೊಡವನ್ನು ಹಿಂದೆ ಇಡಿಸಿದರೇ ಎಂದು ಕೇಳಿದೆ. ತುಕಾರಾಮ ನಕ್ಕ. "ಇಲ್ರಿ. ಮುಚ್ಚಳದ ಕ್ಯಾನ್ ತಂದಾರ, ಗಾಡಿ ಟಪ್ಪಿನ ಮ್ಯಾಲ ಕಟ್ಟಸ್ತಾರ." ಸಾಹುಕಾರರನ್ನು ಬದಲಿಸಿದೆ ಎಂದು ನಾನು ಹೇಳಿಕೊಳ್ಳುವುದಿಲ್ಲ. ಬದಲಿಸಿದ್ದು ಮಾಡ್ಯೂಲ್. ತುಕಾರಾಮನ ಮಕ್ಕಳು ಶಾಲೆಯಲ್ಲೇ ಉಳಿದರು, ಅದನ್ನು ಹೇಳಿಕೊಳ್ಳುತ್ತೇನೆ.

ಈ ವೃತ್ತಿ ನನಗೆ ಕಲಿಸಿದ್ದು ಇಷ್ಟು: ಕೆಟ್ಟ ಭಾಗ ಬದಲಿಸುವುದು ಅರ್ಧ ಕೆಲಸ. ಅದು ಕೆಟ್ಟದ್ದು ಯಾಕೆ ಎಂದು ಎಲ್ಲರೆದುರು ಹೇಳುವುದು ಉಳಿದರ್ಧ. ಅದನ್ನು ಬಿಟ್ಟರೆ ತಪ್ಪು ಯಾವಾಗಲೂ ಕೆಳಗಿನವನ ತಲೆಗೇ ಬಂದು ಕೂರುತ್ತದೆ. ಆ ದಿನ ಕಾರಣದ ಜಾಗದಲ್ಲಿ ನಾನು ಬರೆದದ್ದು: "ಮಾಲೀಕರ ಸೂಚನೆಯಂತೆ ಮುಂದಿನ ಸೀಟಿನ ಕಾಲಿಡುವ ಜಾಗದಲ್ಲಿ ಇಡುತ್ತಿದ್ದ ಕೊಡದ ನೀರು. ಡ್ರೈವರನ ತಪ್ಪಿಲ್ಲ." ಕೆಳಗೆ ಸಹಿ ಹಾಕಿದೆ. ಸಹಿಯ ಮುಂದೆ ಡಿಗ್ರಿ ಬರೆಯುವ ರೂಢಿ ನಮ್ಮಲ್ಲಿ ಇರಲಿಲ್ಲ, ಜಾಗವೂ ಇರಲಿಲ್ಲ. ಅಂಚಿನಲ್ಲಿ ಒತ್ತಿ ಬರೆದೆ: ಬಿ.ಇ.